ಓಟವೋ ಎಸೆತವೋ: ಅಮೆರಿಕದ ಫುಟ್‌ಬಾಲಿನಲ್ಲಿ ನಿಯಮ ಮತ್ತು ತಂತ್ರ

ಅಮೆರಿಕದ ಫುಟ್‌ಬಾಲು ನಮ್ಮ ಕಾಲೇಜು ಮೈದಾನಗಳಲ್ಲಿ ಕಾಣುವ ಕಾಲ್ಚೆಂಡಾಟವಲ್ಲ. ಅಲ್ಲಿ ಆಟಗಾರನು ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡಬಹುದು. ಇಲ್ಲವೆ, ಮುಂದೆ ಧಾವಿಸಿದ ಜೊತೆಗಾರನಿಗೆ ಅದನ್ನು ಎಸೆಯಬಹುದು. ಈ ಎರಡನೆಯ ಕ್ರಮವನ್ನು ಇಲ್ಲಿ ಮುನ್ನೆಸೆತವೆಂದು ಕರೆದಿದೆ. 1913ರ ನವೆಂಬರ್ 1ರಂದು ನೋಟರ್ ಡೇಮ್ ತಂಡವು ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದ ತಂಡವನ್ನು 35–13ರಿಂದ ಸೋಲಿಸಿದಾಗ ಈ ತಂತ್ರವು ಜನಿಸಿತೆಂಬ ಮಾತು ಬಹುಕಾಲದಿಂದ ಪ್ರಚಲಿತವಾಗಿದೆ. ಗಸ್ ಡೊರೇ ಎಸೆದುದೂ ಕ್ನೂಟ್ ರಾಕ್ನಿ ಹಿಡಿದುದೂ ದಿಟ. ಆದರೆ ಜನನದ ಮಾತನ್ನು ಒಪ್ಪಲಾಗದು.

ಮುನ್ನೆಸೆತವು ಮೊದಲು ಬಂದದ್ದು ಗೆಲುವಿನ ಉಪಾಯವಾಗಿ ಅಲ್ಲ, ಪ್ರಾಣರಕ್ಷಣೆಯ ಉಪಾಯವಾಗಿ. ಮೂರು ಯತ್ನಗಳಲ್ಲಿ ಐದು ಗಜ ಮುಂದುವರಿದರೆ ಸಾಕೆಂಬ ಹಳೆಯ ನಿಯಮದಡಿಯಲ್ಲಿ ತಂಡಗಳು ಒತ್ತೊತ್ತಾಗಿ ಕೂಡಿ ಒಂದೇ ಸ್ಥಳದ ಮೇಲೆ ಬೀಳುತ್ತಿದ್ದವು. 1905ರ ಋತುವಿನಲ್ಲಿ ಕನಿಷ್ಠ 18 ಮಂದಿ ಆಟಗಾರರು ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕವಿಟ್ಟವು. ಸತ್ತವರಲ್ಲಿ ಬಹುಮಂದಿ ಎಳೆಯರು. ಆ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. 1906ರ ನಿಯಮಗಳು ಐದು ಗಜವನ್ನು ಹತ್ತಕ್ಕೇರಿಸಿ, ಮುನ್ನೆಸೆತಕ್ಕೆ ಸಮ್ಮತಿಯಿತ್ತವು. ಗುಂಪು ಚದುರಲಿ ಎಂಬುದೇ ಉದ್ದೇಶ.

ಆದರೆ ಕೊಟ್ಟ ಕೈಯೇ ಬಿಗಿಹಿಡಿಯಿತು. ಎಸೆದ ಚೆಂಡು ಯಾರ ಸ್ಪರ್ಶವೂ ಇಲ್ಲದೆ ನೆಲಕ್ಕೆ ಬಿದ್ದರೆ ಅದು ಎದುರಾಳಿಗಳ ಪಾಲು. ಅದೇ ವರ್ಷದ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿ ವಿಶ್ವವಿದ್ಯಾನಿಲಯದ ಬ್ರಾಡ್‌ಬರಿ ರಾಬಿನ್‌ಸನ್ ಕ್ಯಾರಲ್ ಕಾಲೇಜಿನ ವಿರುದ್ಧ ಮಾಡಿದ ಮೊದಲ ಎಸೆತಕ್ಕೆ ದೊರೆತ ಫಲವೇ ಇದು. ಅನಂತರದ ಎಸೆತವೊಂದು ಗುರಿಮುಟ್ಟಿತು. ಇಂತಹ ದಂಡನೆಯಿರುವಾಗ ಪೂರ್ವತೀರದ ತರಬೇತುದಾರರು ಓಟವನ್ನೇ ನೆಚ್ಚಿದುದನ್ನು ಹಟಮಾರಿತನವೆನ್ನುವುದು ಅನ್ಯಾಯ. ಅವರ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಸಾವುಗಳು ಮಾತ್ರ ನಿಲ್ಲಲಿಲ್ಲ. 1909ರಲ್ಲಿ ವೆಸ್ಟ್ ಪಾಯಿಂಟಿನ ವಿದ್ಯಾರ್ಥಿಯೊಬ್ಬನೇ ಬಲಿಯಾದನು.

1912ರಲ್ಲಿ ಎಸೆತದ ದೂರಕ್ಕಿದ್ದ 20 ಗಜದ ಮಿತಿಯನ್ನು ತೆಗೆದುಹಾಕಿ, ನಾಲ್ಕನೆಯ ಯತ್ನವೊಂದನ್ನು ಸೇರಿಸಿದರು. 1913ರ ಪಂದ್ಯವು ಈ ಸಡಿಲಿಕೆಯ ಮರುವರ್ಷದ್ದೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಪೂರ್ವದ ಪ್ರತಿಷ್ಠಿತ ತಂಡವೊಂದು ಪತ್ರಕರ್ತರ ಕಣ್ಣೆದುರಿಗೆ ಸೋತದ್ದರಿಂದ ಅದು ಪ್ರಸಿದ್ಧವಾಯಿತು. ಸೇಂಟ್ ಲೂಯಿಯ ಎಸೆತಕ್ಕೆ ಅಂತಹ ಸಾಕ್ಷಿಗಳಿರಲಿಲ್ಲ.

ಮುಂದಿನ ಕಾಲದಲ್ಲಿಯೂ ಕ್ರಮ ಇದೇ. ಆರಂಭದ ಗೆರೆಯಿಂದ ಐದು ಗಜ ಹಿಂದೆ ನಿಂತೇ ಎಸೆಯಬೇಕೆಂಬ ಕಟ್ಟನ್ನು ವೃತ್ತಿಪರ ಸಂಘವು 1933ರಲ್ಲಿ ಕೈಬಿಟ್ಟಿತು. 1978ರಲ್ಲಿ, ಚೆಂಡು ಹಿಡಿಯಲು ಓಡುವವನನ್ನು ಗೆರೆಯಿಂದ ಐದು ಗಜದಾಚೆ ತಡೆದು ನೂಕಬಾರದೆಂದು ವಿಧಿಸಿತು. ಎಸೆತವು ಓಟವನ್ನು ಹಿಂದಿಕ್ಕಿದ್ದು ಅದರ ಅನಂತರದ ವರ್ಷಗಳಲ್ಲಿ.