ಮಾರಿಯೆನ್‌ಫೆಲ್ಡೆಯ ತಾತ್ಕಾಲಿಕ ಬಿಡಾರ

ಊರಿನಿಂದ ಬಂದ ಬಂಧುಗಳಿಗೆ ಬರ್ಲಿನ್ ತೋರಿಸುವಾಗ ಬ್ರಾಂಡನ್‌ಬುರ್ಗ್ ಮಹಾದ್ವಾರ, ಸಂಸತ್ ಭವನದ ಗಾಜಿನ ಗುಮ್ಮಟ, ಗೋಡೆಯ ಅವಶೇಷ, ಇಷ್ಟಕ್ಕೇ ನಾವು ತೃಪ್ತರಾಗುತ್ತೇವೆ. ನಗರದ ದಕ್ಷಿಣದಂಚಿನ ಮಾರಿಯೆನ್‌ಫೆಲ್ಡೆಗೆ ಯಾರನ್ನೂ ಕರೆದೊಯ್ಯುವುದಿಲ್ಲ. ಅಲ್ಲಿರುವುದು ಸಾಧಾರಣ ವಸತಿ ಕಟ್ಟಡಗಳ ಸಾಲು ಮಾತ್ರ. ಆದರೆ ಗೋಡೆಯನ್ನು ಏಕೆ ಕಟ್ಟಿದರು ಎಂಬುದು ಗೋಡೆಯ ಬಳಿ ನಿಂತಾಗ ಅರ್ಥವಾಗುವುದಕ್ಕಿಂತ ಹೆಚ್ಚಾಗಿ ಇಲ್ಲಿ ಅರ್ಥವಾಗುತ್ತದೆ.

1952ರ ಮೇ ತಿಂಗಳಲ್ಲಿ ಪೂರ್ವ ಜರ್ಮನಿಯು ಪಶ್ಚಿಮದೊಡನಿದ್ದ ತನ್ನ ಉದ್ದನೆಯ ಗಡಿಯನ್ನು ಮುಚ್ಚಿತು. ನಾಲ್ಕು ರಾಷ್ಟ್ರಗಳ ಹತೋಟಿಯಲ್ಲಿದ್ದ ಬರ್ಲಿನ್ ನಗರದೊಳಗಿನ ಗಡಿ ಮಾತ್ರ ತೆರೆದೇ ಉಳಿಯಿತು. ನಗರ ರೈಲಿನ ಒಂದು ಟಿಕೆಟ್ ಕೊಂಡರೆ ಪಶ್ಚಿಮ ಸೇರಬಹುದಾಗಿತ್ತು. ದೇಶ ತೊರೆಯುವುದು ಅಪರಾಧವೆನಿಸಿದ್ದರಿಂದ ದೊಡ್ಡ ಗಂಟುಮೂಟೆ ಹೊತ್ತರೆ ಸಂಶಯ ಬರುತ್ತಿತ್ತು. ಬಂದವರು ಸಣ್ಣ ಕೈಚೀಲದೊಡನೆ, ಹಲವರು ಉಟ್ಟ ಬಟ್ಟೆಯಲ್ಲೇ ಬಂದರು. 1953ನೆಯ ಇಸವಿಯೊಂದರಲ್ಲೇ 3 ಲಕ್ಷಕ್ಕೂ ಹೆಚ್ಚು ಜನ ಪೂರ್ವವನ್ನು ತೊರೆದರು. ಯುದ್ಧದಲ್ಲಿ ಜರ್ಜರಿತವಾಗಿದ್ದ ನಗರ ಅವರನ್ನು ಖಾಲಿ ಕಾರ್ಖಾನೆಗಳಲ್ಲೂ ಮಲಗಿಸಬೇಕಾಯಿತು.

ಇದಕ್ಕೆ ಪರಿಹಾರವಾಗಿ ಎದ್ದ ಮಾರಿಯೆನ್‌ಫೆಲ್ಡೆ ಶಿಬಿರವನ್ನು 1953ರ ಏಪ್ರಿಲ್ 14ರಂದು ರಾಷ್ಟ್ರಾಧ್ಯಕ್ಷ ಥಿಯೊಡೋರ್ ಹೊಯ್ಸ್ ಉದ್ಘಾಟಿಸಿದರು. ಶಿಬಿರವೆಂಬ ಹೆಸರಿದ್ದರೂ ಡೇರೆಗಳನ್ನಾಗಲಿ ಮರದ ಜೋಪಡಿಗಳನ್ನಾಗಲಿ ಹಾಕಲಿಲ್ಲ. ಅಡುಗೆಮನೆ, ಸ್ನಾನಗೃಹಗಳಿದ್ದ ಮನೆಗಳನ್ನೇ ಕಟ್ಟಿದರು. ಜನಪ್ರವಾಹ ನಿಂತ ಮೇಲೆ ಇವನ್ನು ನಗರವಾಸಿಗಳಿಗೆ ಬಾಡಿಗೆಗೆ ಕೊಡುವುದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಕಾರಣವೇನೇ ಇರಲಿ, ನಿರ್ಗತಿಕರಿಗೆಂದು ಗಟ್ಟಿ ಗೋಡೆ ಎಬ್ಬಿಸಿದ ಆ ನಿರ್ಧಾರವನ್ನು ನಾವು ಮೆಚ್ಚುತ್ತೇವೆ. ಆದರೂ ಒಂದೇ ಮನೆಯಲ್ಲಿ ಹಲವು ಕುಟುಂಬಗಳು, ಒಂದರ ಮೇಲೊಂದು ಮಂಚಗಳು, ಪಕ್ಕದಲ್ಲಿ ಅಪರಿಚಿತರು. ಪೂರ್ವದ ಗುಪ್ತಚರರು ಶಿಬಿರದೊಳಗೂ ಸುಳಿಯುತ್ತಿದ್ದುದರಿಂದ ಪಕ್ಕದವರೊಡನೆ ಮನಬಿಚ್ಚಿ ಮಾತಾಡುವಂತಿರಲಿಲ್ಲ.

ಬಂದವರ ಕೈಗೆ ಮೊದಲು ದೊರೆಯುತ್ತಿದ್ದುದು ಒಂದು ಚೀಟಿ. ಸುಮಾರು ಹನ್ನೆರಡು ಮೇಜುಗಳನ್ನು ಸುತ್ತಿ, ಪ್ರತಿಯೊಂದರಲ್ಲೂ ಅದಕ್ಕೆ ಠಸ್ಸೆ ಒತ್ತಿಸಿಕೊಳ್ಳಬೇಕಿತ್ತು. ವೈದ್ಯವೃತ್ತಿಯ ನಮಗೆ ಕುತೂಹಲ ಹುಟ್ಟಿಸುವ ಸಂಗತಿಯೆಂದರೆ, ಮೊದಲ ಠಸ್ಸೆ ವೈದ್ಯರದು. ಕ್ಷಯದ ಭಯವಿದ್ದ ಕಾಲವದು. ಎದೆಯ ಕ್ಷ-ಕಿರಣ ಚಿತ್ರ ತೆಗೆಯುತ್ತಿದ್ದರು. ಇಕ್ಕಟ್ಟಿನ ಕೋಣೆಯಲ್ಲಿ ಒಬ್ಬರ ಕೆಮ್ಮು ಹತ್ತು ಜನರ ಕಾಯಿಲೆಯಾಗುವುದರಿಂದ ಈ ಕ್ರಮ ಸರಿಯಾದುದೇ. ಇಂದಿಗೂ ಜರ್ಮನಿಯಲ್ಲಿ ಆಶ್ರಯಾರ್ಥಿಗಳ ಸಾಮೂಹಿಕ ವಸತಿಗೆ ಸೇರುವ ವಯಸ್ಕರಿಗೆ ಈ ತಪಾಸಣೆ ಕಡ್ಡಾಯ. ಆದರೆ ಆ ಚಿತ್ರದಲ್ಲಿ ಕಾಣುವುದು ಶ್ವಾಸಕೋಶವಷ್ಟೆ. ನಿದ್ದೆಯಿಲ್ಲದ ರಾತ್ರಿಗಳಿಗೂ ಹಿಂದೆ ಬಿಟ್ಟು ಬಂದ ತಾಯಿಯ ಚಿಂತೆಗೂ ಯಾವ ಮೇಜಿನಲ್ಲಿಯೂ ಠಸ್ಸೆಯಿರಲಿಲ್ಲ.

ವೈದ್ಯರ ಬಳಿಕ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಗುಪ್ತಚರ ಅಧಿಕಾರಿಗಳ ವಿಚಾರಣೆ. ಅನಂತರ ಪೊಲೀಸರು, ಕಲ್ಯಾಣ ಇಲಾಖೆ ಇತ್ಯಾದಿ. ನಮ್ಮ ಕಡೆಯ ಧರ್ಮಛತ್ರದಲ್ಲಿ ಹೆಸರು, ಊರು ಹೇಳಿದರೆ ಸಾಕಿತ್ತು. ಇಲ್ಲಿ ಏಕೆ ಬಂದೆಯೆಂಬುದನ್ನು ಸಿದ್ಧಮಾಡಿ ತೋರಿಸಬೇಕಿತ್ತು. 1950ರ ಕಾನೂನಿನ ಪ್ರಕಾರ ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿತ್ತೆಂದು, ಅಥವಾ ಬೇರೆ ಅನಿವಾರ್ಯ ಕಾರಣವಿತ್ತೆಂದು ಮನವರಿಕೆ ಮಾಡಿಕೊಡಬೇಕು. ಬಂದವರು ಅದೇ ಭಾಷೆಯ, ಅದೇ ರಾಷ್ಟ್ರದ ಜನ ಎಂಬುದನ್ನು ಮರೆಯದಿರೋಣ. ಆದರೂ ಆರಂಭದ ವರ್ಷಗಳಲ್ಲಿ ಹಲವರ ಅರ್ಜಿ ತಿರಸ್ಕೃತವಾಯಿತು. ಅವರನ್ನು ಮರಳಿ ಅಟ್ಟಲಿಲ್ಲ, ನೆರವನ್ನೂ ಕೊಡಲಿಲ್ಲ. ಒಪ್ಪಿಗೆ ಪಡೆದವರು ವಿಮಾನವೇರಿ ಪಶ್ಚಿಮ ಜರ್ಮನಿಯ ಊರುಗಳಿಗೆ ಹೋದರು, ಅಲ್ಲಿ ಅನೇಕರಿಗೆ ಮತ್ತೊಂದು ಶಿಬಿರ ಕಾದಿತ್ತು.

1961ರ ಆಗಸ್ಟ್ 13ರಂದು ಗೋಡೆ ಎದ್ದಾಗ ಪ್ರವಾಹ ತಟ್ಟನೆ ಕ್ಷೀಣಿಸಿತು. ಆದರೆ ಮನೆಗಳು ಪೂರ್ತಿ ಬರಿದಾಗಲಿಲ್ಲ. ಪೂರ್ವದಿಂದ ಅನುಮತಿ ಪಡೆದು ಬಂದವರು ಇಲ್ಲಿಯೇ ಇಳಿದುಕೊಂಡರು. ಲೇಖಕಿ ಯೂಲಿಯಾ ಫ್ರಾಂಕ್ 1978ರಲ್ಲಿ ಬಾಲಕಿಯಾಗಿ ಇಲ್ಲಿ ತಿಂಗಳುಗಟ್ಟಲೆ ಇದ್ದವರು. ಮುಂದೆ ಈ ಶಿಬಿರವನ್ನೇ ಕಾದಂಬರಿಯ ನೆಲೆಯಾಗಿಸಿದರು. 1990ರವರೆಗೆ ಒಟ್ಟು 13.5 ಲಕ್ಷ ಜನ ಈ ಆವರಣವನ್ನು ಹಾದುಹೋದರು. ಬಳಿಕ ಪೋಲೆಂಡ್ ಮತ್ತು ಹಿಂದಿನ ಸೋವಿಯತ್ ನಾಡುಗಳಿಂದ ಜರ್ಮನ್ ಮೂಲದವರು ಬಂದರು. 2010ರ ಡಿಸೆಂಬರ್‌ನಿಂದ ಸಿರಿಯಾ, ಇರಾಕ್, ಅಫಘಾನಿಸ್ತಾನ ಮುಂತಾದೆಡೆಗಳಿಂದ ಆಶ್ರಯ ಕೋರಿ ಬಂದ ಕುಟುಂಬಗಳು ಇಲ್ಲಿ ನೆಲೆಸತೊಡಗಿದವು. ಬಾಡಿಗೆಗೆ ಕೊಡುವ ಲೆಕ್ಕಾಚಾರ ಮಾಡಿದ್ದವರು ಇದನ್ನು ಊಹಿಸಿರಲಾರರು.

ನಾವು ಈ ದೇಶಕ್ಕೆ ಉದ್ಯೋಗಪತ್ರ, ವೀಸಾಗಳೊಡನೆ ಬಂದವರು. ಆದರೂ ಕಚೇರಿಯ ಮೊಗಸಾಲೆಯಲ್ಲಿ ಸರದಿಗಾಗಿ ಕಾದ ಒಂದು ಮುಂಜಾವಿನ ಕಥೆಯನ್ನು ಯುಗಾದಿ ಊಟದ ಪಂಕ್ತಿಯಲ್ಲಿ ಎಷ್ಟು ಬಾರಿ ಹೇಳಿಕೊಂಡಿದ್ದೇವೆ! ಇಲ್ಲಿನ ಮನೆಗಳಲ್ಲಿ ಕಾಯುವಿಕೆಯನ್ನು ತಿಂಗಳುಗಳಲ್ಲಿ ಎಣಿಸುತ್ತಾರೆ, ಕೆಲವೊಮ್ಮೆ ವರ್ಷಗಳಲ್ಲಿ.

ಆವರಣದ ಒಂದು ಕಟ್ಟಡ ಈಗ ವಸ್ತುಸಂಗ್ರಹಾಲಯ. ಅಂದಿನ ಕೋಣೆ, ಮಂಚ, ಕೈಚೀಲಗಳನ್ನು ಅಲ್ಲಿ ಕಾಣಬಹುದು, ಪ್ರವೇಶ ಉಚಿತ. ದೊಡ್ಡ ಮಕ್ಕಳಿರುವ ಕುಟುಂಬಗಳು ಅವಶ್ಯ ಹೋಗಿ ಬನ್ನಿ. ಸುತ್ತಲಿನ ಮನೆಗಳು ಪ್ರದರ್ಶನದ ಭಾಗವಲ್ಲ, ಅಲ್ಲಿ ಜನರಿದ್ದಾರೆ. ಆದುದರಿಂದ ಕ್ಯಾಮೆರಾವನ್ನು ಸಂಗ್ರಹಾಲಯದ ಒಳಗಷ್ಟೇ ಬಳಸಿರಿ.