ಹಾರ್ಡ್ ಡಿಸ್ಕಿನ ಪಾಲುಪಟ್ಟಿ: ಹಲವು ಆಪರೇಟಿಂಗ್ ಸಿಸ್ಟಂಗಳು ಮತ್ತು ಜಂಟಿ ಕಡತಗಳ ಚರಿತ್ರೆ

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟುಕೊಂಡು, ಎರಡರಿಂದಲೂ ಅವೇ ಕಡತಗಳನ್ನು ತೆರೆಯುವ ಏರ್ಪಾಡು ತಾಂತ್ರಿಕ ಕೈಪಿಡಿಗಳಿಗೆ ಸೇರಿದ್ದು ಎಂದು ಇತಿಹಾಸಕಾರರು ಅದನ್ನು ಬದಿಗಿಟ್ಟಿದ್ದಾರೆ. ಹಾಗೆ ಬದಿಗಿಡಬೇಕಾದ ವಿಷಯ ಅದಲ್ಲ. ಡಿಸ್ಕನ್ನು ಭಾಗ ಮಾಡುವ ಕ್ರಮ 1983ರಲ್ಲೇ ತೀರ್ಮಾನವಾಯಿತು. ಭಾಗವಾದ ಮೇಲೆ ಕಡತಗಳನ್ನು ಹಂಚಿಕೊಳ್ಳುವುದು ಹೇಗೆ ಎಂಬುದು ಮಾತ್ರ ಮುಂದಿನ ಸುಮಾರು ನಾಲ್ಕು ದಶಕ ಬಗೆಹರಿಯಲಿಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು, ಬದುವಿಗೆ ಕಲ್ಲು ನೆಟ್ಟು, ಬಾವಿಯ ಮಾತನ್ನು ಪತ್ರದಲ್ಲಿ ಬರೆಯದೇ ಬಿಟ್ಟಂತೆ. ಆ ಬಿಟ್ಟುಹೋದ ಜಾಗವನ್ನು ಫ್ಯಾಟ್ ಎಂಬ ಹಳೆಯ ಕಡತ ವ್ಯವಸ್ಥೆ ತುಂಬಿತು. ಅದು ಉತ್ತಮವಾಗಿತ್ತು ಎಂದಲ್ಲ, ಎಲ್ಲರಿಗೂ ಓದಲು ಬರುತ್ತಿದ್ದದ್ದು ಅದೊಂದೇ ಎಂದು. ಈ ಲೇಖನ ಆ ಚರಿತ್ರೆಯನ್ನು ಹಿಂಬಾಲಿಸುತ್ತದೆ.

ಅರವತ್ತನಾಲ್ಕು ಬೈಟ್‌ಗಳ ಪತ್ರ

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಬೇರೆ ಆಪರೇಟಿಂಗ್ ಸಿಸ್ಟಂ ಬೇಕಾದರೆ ಫ್ಲಾಪಿ ಬದಲಿಸಿದರೆ ಮುಗಿಯಿತು. ಐಬಿಎಂ ಆ ಯಂತ್ರಕ್ಕೆ ಪಿಸಿ ಡಾಸ್, ಸಿಪಿ/ಎಂ-86, ಯುಸಿಎಸ್‌ಡಿ ಪಿ-ಸಿಸ್ಟಂ ಎಂಬ ಮೂರನ್ನು ಮಾರುತ್ತಿತ್ತು. 1983ರ ಮಾರ್ಚ್‌ನಲ್ಲಿ ಪಿಸಿ ಎಕ್ಸ್‌ಟಿ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕಿನೊಂದಿಗೆ ಬಂದಾಗ ಈ ಸಲೀಸು ತಪ್ಪಿತು, ಏಕೆಂದರೆ ಆ ಡಿಸ್ಕನ್ನು ಯಂತ್ರದಿಂದ ತೆಗೆದು ಬದಲಿಸುವಂತಿಲ್ಲ. ಅದಕ್ಕೆ ಪಿಸಿ ಡಾಸ್ 2.0 ತಂದ ಪರಿಹಾರವೇ ಪಾರ್ಟಿಷನ್ ಪಟ್ಟಿ ಮತ್ತು ಅದನ್ನು ಬರೆಯುವ ಎಫ್‌ಡಿಸ್ಕ್ ಎಂಬ ತಂತ್ರಾಂಶ.

ಆ ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ 512 ಬೈಟ್‌ಗಳಿವೆ. ಮೊದಲ 446 ಬೈಟ್‌ಗಳು ಬೂಟ್ ಮಾಡುವ ಪುಟ್ಟ ಪ್ರೋಗ್ರಾಮಿಗೆ, ಕೊನೆಯ 2 ಬೈಟ್‌ಗಳು ಗುರುತಿನ ಮೊಹರಿಗೆ. ನಡುವೆ ಉಳಿದ 64 ಬೈಟ್‌ಗಳಲ್ಲಿ ತಲಾ 16 ಬೈಟ್‌ಗಳ ನಾಲ್ಕು ನಮೂದುಗಳು. ಪ್ರತಿ ನಮೂದಿನಲ್ಲಿ ಆ ಭಾಗ ಎಲ್ಲಿಂದ ಶುರು, ಎಷ್ಟು ಉದ್ದ, ಅದು ‘ಸಕ್ರಿಯ’ವೇ ಅಲ್ಲವೇ, ಮತ್ತು ಯಾವ ಬಗೆಯದು ಎಂಬ ವಿವರ. ಎಫ್‌ಡಿಸ್ಕ್‌ನಲ್ಲಿ ಸಕ್ರಿಯ ಗುರುತನ್ನು ಒಂದರಿಂದ ಇನ್ನೊಂದಕ್ಕೆ ಸರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡುವುದೇ ಅಂದಿನ ಡ್ಯುಯಲ್ ಬೂಟ್.

‘ಬಗೆ’ಯನ್ನು ಹೇಳಲು ಕೊಟ್ಟದ್ದು ಒಂದೇ ಬೈಟ್. ಅದನ್ನು ಹಂಚಲು ನೋಂದಣಿ ಕಚೇರಿಯಂಥದ್ದು ಏನೂ ಇರಲಿಲ್ಲ. ಬಂದವರು ಬಂದಂತೆ ಸಂಖ್ಯೆ ಹಿಡಿದರು. ಲಿನಕ್ಸಿನ ಸ್ವಾಪ್ ಜಾಗವೂ ಸೋಲಾರಿಸ್ ವ್ಯವಸ್ಥೆಯೂ 82 ಎಂಬ ಒಂದೇ ಸಂಖ್ಯೆಯನ್ನು ಬಳಸಿದವು. ಓಎಸ್/2ರ ಎಚ್‌ಪಿಎಫ್‌ಎಸ್, ವಿಂಡೋಸಿನ ಎನ್‌ಟಿಎಫ್‌ಎಸ್, ಆಮೇಲೆ ಬಂದ ಎಕ್ಸ್‌ಫ್ಯಾಟ್, ಈ ಮೂರು ಕಡತ ವ್ಯವಸ್ಥೆಗಳಿಗೂ 07. ಎರಡು ವ್ಯವಸ್ಥೆಗಳು ಒಂದೇ ಕಡತಗಳನ್ನು ಬಳಸುವುದಾದರೆ ಏನು ಕಟ್ಟುಪಾಡು ಎಂಬುದರ ಬಗ್ಗೆ ಆ ಪಟ್ಟಿಯಲ್ಲಿ ಒಂದು ಬಿಟ್ ಕೂಡ ಮೀಸಲಿರಲಿಲ್ಲ.

ಫ್ಯಾಟ್ ಮೈಕ್ರೋಸಾಫ್ಟಿನಲ್ಲಿ ಹುಟ್ಟಿದ್ದು 1977ರ ಸುಮಾರಿಗೆ, ಫ್ಲಾಪಿಗಳಿಗಾಗಿ. ಡಾಸ್ 3.0 (1984) ಅದನ್ನು 16 ಬಿಟ್‌ಗೆ ಏರಿಸಿತು. ಆದರೂ 32 ಮೆಗಾಬೈಟ್‌ಗಿಂತ ದೊಡ್ಡ ಪಾರ್ಟಿಷನ್ ಸಾಧ್ಯವಿರಲಿಲ್ಲ. 1987ರಲ್ಲಿ ವಿಸ್ತೃತ ಪಾರ್ಟಿಷನ್ ಬಂದು ನಾಲ್ಕರ ಮಿತಿ ಸಡಿಲವಾಯಿತು, ಅದೇ ವರ್ಷ ಕಾಂಪ್ಯಾಕ್ ಕಂಪನಿಯ ಡಾಸ್ 3.31 ಮೂವತ್ತೆರಡರ ಮಿತಿಯನ್ನೂ ಮುರಿಯಿತು. ಇವೆಲ್ಲ ಗಾತ್ರದ ಕಥೆ, ಇಲ್ಲಿಗೆ ಇಷ್ಟು ಸಾಕು.

ಹಂಚಿಕೆಗಾಗಿ ಆಯ್ದ ಮೊದಲ ಕಡತ ವ್ಯವಸ್ಥೆ

ಲಿನಕ್ಸ್ ಹುಟ್ಟಿದ್ದೇ ಹಂಚಿಕೊಂಡ ಡಿಸ್ಕಿನ ಮೇಲೆ ಎಂಬುದನ್ನು ಅದರ ಚರಿತ್ರೆಕಾರರು ಸಾಕಷ್ಟು ಒತ್ತಿ ಹೇಳಿಲ್ಲ ಎನಿಸುತ್ತದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಯಂತ್ರದಲ್ಲಿ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡಿಸುತ್ತ, ಅದರೊಳಗೇ ಹೊಸ ಕರ್ನೆಲ್ ಕಟ್ಟುತ್ತಿದ್ದರು. ಹೊಸ ಕಡತ ವ್ಯವಸ್ಥೆ ಬರೆಯುವುದಕ್ಕಿಂತ ಮಿನಿಕ್ಸಿನದನ್ನೇ ಬಳಸಿ ಎರಡರ ನಡುವೆ ಡಿಸ್ಕ್ ಹಂಚಿಕೊಳ್ಳುವುದು ಸುಲಭವಾಗಿತ್ತು. ಮೊದಲ ಲಿನಕ್ಸ್ ಮಿನಿಕ್ಸ್ ಕಡತ ವ್ಯವಸ್ಥೆಯನ್ನು ಹೊಂದಿದ್ದಕ್ಕೆ ಕಾರಣ ಅದೇ. ಆ ಸಹಬಾಳ್ವೆ ಮುರಿದದ್ದೂ ಪಾರ್ಟಿಷನ್ನಿನ ಎಡವಟ್ಟಿನಿಂದ. ಮೋಡೆಮ್ಮಿಗೆ ಹೋಗಬೇಕಾಗಿದ್ದ ಡಯಲ್ ಆದೇಶವನ್ನು ಟೊರ್ವಾಲ್ಡ್ಸ್ ಕೈತಪ್ಪಿ ಡಿಸ್ಕಿಗೇ ಕಳಿಸಿದರು, ಮಿನಿಕ್ಸ್ ಇದ್ದ ಪಾರ್ಟಿಷನ್ನಿನ ಆರಂಭ ಅಳಿಸಿಹೋಯಿತು. ಮಿನಿಕ್ಸನ್ನು ಮತ್ತೆ ಕೂರಿಸುವ ಬದಲು ಲಿನಕ್ಸಿನಲ್ಲೇ ಮುಂದುವರಿಯಲು ಅವರು ಮನಸ್ಸು ಮಾಡಿದ್ದು ಆಗ. ಮಿನಿಕ್ಸಿನ ಕಡತ ವ್ಯವಸ್ಥೆ 64 ಮೆಗಾಬೈಟ್‌ಗಿಂತ ಹೆಚ್ಚು ಜಾಗವನ್ನೂ 14 ಅಕ್ಷರಗಳಿಗಿಂತ ಉದ್ದದ ಹೆಸರನ್ನೂ ತಾಳುತ್ತಿರಲಿಲ್ಲವಾದ್ದರಿಂದ 1992ರಲ್ಲಿ ಎಕ್ಸ್‌ಟ್, 1993ರಲ್ಲಿ ಎಕ್ಸ್‌ಟ್-2 ಬಂದವು. ಲಿನಕ್ಸಿಗೆ ಸ್ವಂತ ಮನೆ ಸಿಕ್ಕಿತು. ಆ ಮನೆಯೊಳಗೆ ಡಾಸ್‌ಗಾಗಲಿ ವಿಂಡೋಸ್‌ಗಾಗಲಿ ಪ್ರವೇಶ ಇರಲಿಲ್ಲ.

ಇದಕ್ಕೆ ತಿರುಗಾಮುರುಗಾದ ಒಂದು ಪ್ರಯೋಗವೂ ನಡೆಯಿತು. ಯುಎಂಎಸ್‌ಡಾಸ್ ಎಂಬ ಏರ್ಪಾಡಿನಲ್ಲಿ ಲಿನಕ್ಸ್ ಡಾಸ್ ಪಾರ್ಟಿಷನ್ನಿನ ಒಂದು ಡೈರೆಕ್ಟರಿಯೊಳಗೇ ನೆಲೆಸುತ್ತಿತ್ತು. ಕಡತದ ಒಡೆಯ ಯಾರು, ಯಾರಿಗೆ ಏನು ಅನುಮತಿ, ಉದ್ದನೆಯ ಹೆಸರೇನು ಎಂಬ ಫ್ಯಾಟ್‌ಗೆ ಗೊತ್ತಿಲ್ಲದ ವಿವರಗಳನ್ನು ಪ್ರತಿ ಡೈರೆಕ್ಟರಿಯಲ್ಲೂ ಒಂದು ಪ್ರತ್ಯೇಕ ಕಡತದಲ್ಲಿ ಬರೆದಿಡುತ್ತಿತ್ತು. ಜಾಣತನದ ಕೆಲಸ, ಆದರೆ ನಿಧಾನ.

ಬೂಟ್ ಯಾರದು?

1990ರ ದಶಕದಲ್ಲಿ ಡ್ಯುಯಲ್ ಬೂಟ್ ಮಾಡಿದವರ ನೆನಪಿನಲ್ಲಿ ಉಳಿದಿರುವುದು ಲಿಲೋ. ವರ್ನರ್ ಅಲ್ಮೆಸ್‌ಬರ್ಗರ್ ಬರೆದ ಈ ಬೂಟ್ ಲೋಡರ್ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತ ದಾಟಿದ ಹಾಗೆ ಒಂದೊಂದಾಗಿ ಪರದೆಗೆ ಬರೆಯುತ್ತಿತ್ತು. ನಾಲ್ಕೂ ಮೂಡಿದರೆ ಕ್ಷೇಮ. ಮೊದಲೆರಡಕ್ಕೇ ನಿಂತರೆ, ಎರಡನೆಯ ಹಂತದ ಪ್ರೋಗ್ರಾಂ ಡಿಸ್ಕಿನಿಂದ ಬಂದಿದೆ, ಓಡಲು ಮಾತ್ರ ಆಗಿಲ್ಲ ಎಂದರ್ಥ. ಇದಕ್ಕೆ ಬಹಳ ಸಲ ಕಾರಣ ಡಿಸ್ಕಿನ ಅಳತೆಯ ಲೆಕ್ಕದಲ್ಲಿ ಬಯಾಸ್‌ಗೂ ಲಿನಕ್ಸ್‌ಗೂ ಇದ್ದ ಭಿನ್ನಮತ. ಹಳೆಯ ಬಯಾಸ್ 1024 ಸಿಲಿಂಡರ್‌ಗಳ ಆಚೆಗೆ ನೋಡಲಾರದು. ಹಾಗಾಗಿಯೇ ಡಿಸ್ಕಿನ ಆರಂಭದಲ್ಲಿ ಒಂದು ಚಿಕ್ಕ ಬೂಟ್ ಪಾರ್ಟಿಷನ್ ಇಡುವ ರೂಢಿ ಬಿತ್ತು. ಎರಿಕ್ ಬೋಲಿನ್ 1995ರಲ್ಲಿ ಶುರುಮಾಡಿದ ಗ್ರಬ್ ಎಂಬ ಬೂಟ್ ಲೋಡರ್ ಕಡತ ವ್ಯವಸ್ಥೆಯನ್ನೇ ಓದಬಲ್ಲದಾದ್ದರಿಂದ ಕ್ರಮೇಣ ಲಿಲೋ ಹಿಂದೆ ಬಿತ್ತು.

ತಾಂತ್ರಿಕ ತೊಡಕಿಗಿಂತ ದೊಡ್ಡದು ವ್ಯಾಪಾರದ ತೊಡಕು. ವಿಂಡೋಸ್ ಇನ್‌ಸ್ಟಾಲ್ ಮಾಡಿದಾಗಲೆಲ್ಲ ಮೊದಲ ಸೆಕ್ಟರಿನ ಬೂಟ್ ಪ್ರೋಗ್ರಾಮನ್ನು ಹೇಳದೆ ಕೇಳದೆ ಅಳಿಸಿ ತನ್ನದನ್ನು ಬರೆಯುತ್ತಿತ್ತು. ಅದನ್ನು ಅಸಡ್ಡೆ ಎಂದು ಬಿಡಬಹುದು. ಹಿಟಾಚಿಯ ಪ್ರಕರಣವನ್ನು ಹಾಗೆ ಬಿಡಲಾಗದು. 1998ರಲ್ಲಿ ಆ ಕಂಪನಿ ಜಪಾನಿನಲ್ಲಿ ಫ್ಲೋರಾ ಪ್ರಿಯಸ್ ಎಂಬ ಕಂಪ್ಯೂಟರನ್ನು ವಿಂಡೋಸ್ 98 ಮತ್ತು ಬಿಓಎಸ್ ಎರಡನ್ನೂ ಹಾಕಿ ಮಾರಿತು. ಬಿಓಎಸ್‌ನ ಪಾರ್ಟಿಷನ್ ಡಿಸ್ಕಿನಲ್ಲಿತ್ತು, ಕಡತಗಳೂ ಇದ್ದವು. ಯಂತ್ರ ಚಾಲೂ ಮಾಡಿದಾಗ ಎರಡರಲ್ಲಿ ಒಂದನ್ನು ಆರಿಸುವ ಮೆನು ಮಾತ್ರ ಇರಲಿಲ್ಲ. ಕೊಂಡವರು ಪ್ರತ್ಯೇಕ ಸೂಚನೆಗಳನ್ನು ಅನುಸರಿಸಿ ಬಿಓಎಸ್ ಅನ್ನು ಹೊರಗೆಡಹಬೇಕಿತ್ತು. ವಿಂಡೋಸ್ ಪರವಾನಗಿಯ ಷರತ್ತುಗಳೇ ಇದಕ್ಕೆ ಕಾರಣ ಎಂದು ಬಿಓಎಸ್ ತಯಾರಿಸಿದ ಬಿ ಕಂಪನಿ 2002ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. 2003ರ ಸೆಪ್ಟೆಂಬರಿನಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ ಮೈಕ್ರೋಸಾಫ್ಟ್ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಬಿ ತನ್ನ ತಂತ್ರಜ್ಞಾನವನ್ನು ಪಾಮ್ ಕಂಪನಿಗೆ ಮಾರಿಯಾಗಿತ್ತು. ಪಾರ್ಟಿಷನ್ ಪಟ್ಟಿಯಲ್ಲಿ ಸ್ಥಾನ ಸಿಕ್ಕರೂ ಮೊದಲ 446 ಬೈಟ್‌ಗಳಲ್ಲಿ ಸ್ಥಾನ ಸಿಗದಿದ್ದರೆ ಆಪರೇಟಿಂಗ್ ಸಿಸ್ಟಂ ಇದ್ದೂ ಇಲ್ಲದಂತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಕಂಡಿಲ್ಲ.

ಜಂಟಿ ಜಾಗದ ಬೆಲೆ

1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದ ಎನ್‌ಟಿಎಫ್‌ಎಸ್‌ನ ಒಳರಚನೆಯನ್ನು ಮೈಕ್ರೋಸಾಫ್ಟ್ ಪೂರ್ತಿಯಾಗಿ ಪ್ರಕಟಿಸಲಿಲ್ಲ. ಲಿನಕ್ಸ್ ಅದನ್ನು ಓದಲು ಬೇಗ ಕಲಿತರೂ ನೆಚ್ಚಿಕೊಂಡು ಬರೆಯಲು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಸ್ಥಿರವಾಗುವವರೆಗೆ ಕಾಯಬೇಕಾಯಿತು. ಈ ನಡುವಿನ ಹದಿನಾಲ್ಕು ವರ್ಷಗಳಲ್ಲಿ ಬಹುತೇಕರು ಹಿಡಿದ ದಾರಿ ಒಂದೇ: ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು, ನಡುವೆ ಇಬ್ಬರಿಗೂ ಸೇರಿದ ಫ್ಯಾಟ್ (ಮುಂದೆ ಫ್ಯಾಟ್-32) ಪಾರ್ಟಿಷನ್ ಒಂದು. ಅಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಯದು, ಒಡೆತನ ಮತ್ತು ಅನುಮತಿಗಳ ಲೆಕ್ಕವಿಲ್ಲ, ಸಮಯ ಎರಡೆರಡು ಸೆಕೆಂಡಿಗೆ ದಾಖಲಾಗುತ್ತದೆ.

ಆ ಸಮಯವೂ ಸ್ಥಳೀಯ ಸಮಯ. ವಿಂಡೋಸ್ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯವೆಂದು ಓದುತ್ತದೆ. ಇದನ್ನು ಸರಿಪಡಿಸದಿದ್ದರೆ ಭಾರತದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇಲ್ಲವೇ ಮುಂದೆ ಜಿಗಿಯುತ್ತದೆ. ಯಾವುದು ಹೊಸ ಪ್ರತಿ ಎಂದು ಸಮಯ ನೋಡಿ ನಿರ್ಧರಿಸುವ ತಂತ್ರಾಂಶ ಜಂಟಿ ಪಾರ್ಟಿಷನ್ನಿನಲ್ಲಿ ಹಳೆಯದನ್ನೇ ಹೊಸದೆಂದು ತಿಳಿಯಬಹುದು.

ಕನ್ನಡದ ಕಡತಗಳಿಗೆ ಬೇರೆಯೇ ಕಾಟ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ತಂತ್ರಾಂಶಗಳನ್ನು ಬಳಸುತ್ತಿದ್ದವರು ಒಳಗೆ ಕನ್ನಡ ಬರೆದರೂ ಕಡತಕ್ಕೆ ಇಂಗ್ಲಿಷ್ ಹೆಸರನ್ನೇ ಇಡುತ್ತಿದ್ದರು. ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ ಕನ್ನಡ ಹೆಸರೂ ಸಾಧ್ಯವಾಯಿತು. ಅದೇ ಪಾರ್ಟಿಷನ್ನನ್ನು ಲಿನಕ್ಸಿನಲ್ಲಿ ಯುಟಿಎಫ್-8 ಆಯ್ಕೆ ಕೊಡದೆ ಮೌಂಟ್ ಮಾಡಿದರೆ ಪಶ್ಚಿಮ ಯೂರೋಪಿನ ಲಿಪಿಸಂಕೇತವೇ ಪೂರ್ವನಿಗದಿಯಾಗಿ, ಕನ್ನಡ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತಿತ್ತು. ಇನ್ನೊಂದು ತೊಡಕು ಇಂದಿಗೂ ಇದೆ. ‘ಶ್ರೀರಂಗಪಟ್ಟಣ’ ಎಂಬ ಹೆಸರಿನಲ್ಲಿ ನಾವು ಆರು ಅಕ್ಷರ ಎಣಿಸುತ್ತೇವೆ, ಯೂನಿಕೋಡ್ ಹನ್ನೆರಡು ಸಂಕೇತ ಎಣಿಸುತ್ತದೆ. ವಿಂಡೋಸ್ ಇಂಥ 255 ಸಂಕೇತಗಳವರೆಗಿನ ಹೆಸರನ್ನು ಒಪ್ಪುತ್ತದೆ. ಲಿನಕ್ಸಿನ ಎಕ್ಸ್‌ಟ್-4 ಲೆಕ್ಕ ಹಾಕುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 85 ಸಂಕೇತಗಳಿಗೆ ಜಾಗ ಮುಗಿಯಿತು. ಪ್ರಬಂಧದ ಶೀರ್ಷಿಕೆಯನ್ನೇ ಕಡತದ ಹೆಸರಾಗಿ ಇಡುವ ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಗಮನದಲ್ಲಿಡಬೇಕು: ಜಂಟಿ ಪಾರ್ಟಿಷನ್ನಿನಲ್ಲಿ ಚೆನ್ನಾಗಿಯೇ ಇದ್ದ, ಇಷ್ಟು ಉದ್ದ ಹೆಸರಿನ ಕಡತ ಲಿನಕ್ಸ್ ಕಡೆಗೆ ನಕಲಾಗುವುದಿಲ್ಲ.

ಇಷ್ಟಾಗಿ ಆ ಜಾಗ ಯಾರದೂ ಅಲ್ಲದ ಜಾಗವೂ ಆಗಿರಲಿಲ್ಲ. ಫ್ಯಾಟ್‌ನಲ್ಲಿ ಗಿಡ್ಡ ಹೆಸರಿನ ಜೊತೆ ಉದ್ದ ಹೆಸರನ್ನೂ ಇಡುವ ವಿಧಾನಕ್ಕೆ ಮೈಕ್ರೋಸಾಫ್ಟಿನ ಪೇಟೆಂಟ್ ಇತ್ತು. 2009ರ ಫೆಬ್ರವರಿಯಲ್ಲಿ ಅದು ಲಿನಕ್ಸ್ ಬಳಸುತ್ತಿದ್ದ ಡಚ್ ಕಂಪನಿ ಟಾಮ್‌ಟಾಮ್ ಮೇಲೆ ಮೊಕದ್ದಮೆ ಹಾಕಿತು. ಮರುತಿಂಗಳೇ ರಾಜಿಯಾಯಿತು, ಟಾಮ್‌ಟಾಮ್ ಹಣ ಕೊಟ್ಟು, ಆ ಸೌಲಭ್ಯವನ್ನು ಎರಡು ವರ್ಷಗಳಲ್ಲಿ ತೆಗೆಯಲು ಒಪ್ಪಿತು. 4 ಗಿಗಾಬೈಟ್ ಮಿತಿಯಿಲ್ಲದ ಎಕ್ಸ್‌ಫ್ಯಾಟ್ 2006ರಲ್ಲೇ ಬಂದಿದ್ದರೂ ಲಿನಕ್ಸ್ ಕರ್ನೆಲ್ ಅದನ್ನು ಒಳಗೆ ಸೇರಿಸಿಕೊಂಡದ್ದು 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿವರವನ್ನು ಬಹಿರಂಗಪಡಿಸಿದ ಮೇಲೆ. 2021ರ ಅಕ್ಟೋಬರಿನಲ್ಲಿ ಲಿನಕ್ಸ್ 5.15ರೊಂದಿಗೆ ಎನ್‌ಟಿಎಫ್‌ಎಸ್‌ಗೂ ಓದುವ-ಬರೆಯುವ ಹೊಸ ಡ್ರೈವರ್ ಕರ್ನೆಲ್ಲಿಗೇ ಬಂತು.

ಹೊಸ ಪಟ್ಟಿ, ಹಳೆಯ ಕಲಹ

1983ರ ಪಟ್ಟಿ 32 ಬಿಟ್‌ಗಳಲ್ಲಿ ಸೆಕ್ಟರ್ ಎಣಿಸುತ್ತದೆ; 512 ಬೈಟ್‌ಗಳ ಸೆಕ್ಟರ್‌ಗಳಿದ್ದರೆ 2 ಟೆರಾಬೈಟ್ ಆಸುಪಾಸಿನಲ್ಲಿ ಅದರ ಲೆಕ್ಕ ಮುಗಿಯುತ್ತದೆ. ಇಂಟೆಲ್ ಆರಂಭಿಸಿದ ಇಎಫ್‌ಐ ಯೋಜನೆಯಲ್ಲಿ ರೂಪುಗೊಂಡ ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪಟ್ಟಿ ಅದರ ಸ್ಥಾನಕ್ಕೆ ಬಂತು. ಸಾಮಾನ್ಯವಾಗಿ 128 ನಮೂದುಗಳು, ಪ್ರತಿ ಬಗೆಗೂ 16 ಬೈಟ್‌ಗಳ ಗುರುತುಸಂಖ್ಯೆ, ಡಿಸ್ಕಿನ ಕೊನೆಯಲ್ಲಿ ಪಟ್ಟಿಯ ಇನ್ನೊಂದು ಪ್ರತಿ. ಸಂಖ್ಯೆಗಳ ಬರ ನೀಗಿತು. ಆದರೂ ಲಿನಕ್ಸಿನವರು 2011ರವರೆಗೆ ತಮ್ಮ ಪಾರ್ಟಿಷನ್ನುಗಳಿಗೆ ಮೈಕ್ರೋಸಾಫ್ಟಿನ ಗುರುತುಸಂಖ್ಯೆಯನ್ನೇ ಹಾಕುತ್ತಿದ್ದರು. ಪರಿಣಾಮವಾಗಿ ವಿಂಡೋಸ್ ಅವನ್ನು ಖಾಲಿ ಡ್ರೈವ್ ಎಂದು ತಿಳಿದು ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕೇಳುತ್ತಿತ್ತು. ಹೌದು ಎಂದವರ ಗತಿ ಹೇಳಬೇಕಿಲ್ಲ. ಈ ತಪ್ಪನ್ನು ಲಿನಕ್ಸ್ ಬಳಗದ ಲೆಕ್ಕಕ್ಕೇ ಬರೆಯಬೇಕು. ಇನ್ನು ಬೂಟ್ ಲೋಡರ್‌ಗಳಿಗೆಂದು ಹೊಸ ಕ್ರಮ ಮೀಸಲಿಟ್ಟ ಪಾರ್ಟಿಷನ್ ಯಾವ ಕಡತ ವ್ಯವಸ್ಥೆಯದು? ಅದೇ ಫ್ಯಾಟ್. ಆದರೆ ಈ ಸಲ ಅದು ನಿಯಮದಲ್ಲೇ ಬರೆದಿದೆ, ಮತ್ತು ವಿಂಡೋಸ್, ಲಿನಕ್ಸ್ ಎರಡರ ಲೋಡರ್‌ಗಳೂ ಬೇರೆ ಬೇರೆ ಡೈರೆಕ್ಟರಿಗಳಲ್ಲಿ ಅಕ್ಕಪಕ್ಕ ಇರಬಹುದು.

ಕೊನೆಯ ತೊಡಕು 2012ರ ವಿಂಡೋಸ್ 8ರದು. ಅದರ ಫಾಸ್ಟ್ ಸ್ಟಾರ್ಟಪ್‌ನಲ್ಲಿ ‘ಶಟ್ ಡೌನ್’ ಒತ್ತಿದರೂ ಕರ್ನೆಲ್ ಪೂರ್ತಿ ಮುಚ್ಚುವುದಿಲ್ಲ, ತನ್ನ ನೆನಪನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಆ ನಡುವೆ ಲಿನಕ್ಸ್ ಜಂಟಿ ಪಾರ್ಟಿಷನ್ನಿನಲ್ಲಿ ಏನಾದರೂ ಬರೆದರೆ, ಎದ್ದ ವಿಂಡೋಸ್ ತನ್ನ ಹಳೆಯ ನೆನಪಿನ ಪ್ರಕಾರವೇ ಮುಂದುವರಿದು ಕಡತ ವ್ಯವಸ್ಥೆಯನ್ನು ಕೆಡಿಸಬಹುದು. ಎನ್‌ಟಿಎಫ್‌ಎಸ್-3ಜಿ ಇದನ್ನು ಪತ್ತೆಹಚ್ಚಿ ಬರೆಯಲು ನಿರಾಕರಿಸುತ್ತದೆ. ಎಲ್ಲ ಕಡತ ವ್ಯವಸ್ಥೆಗಳಲ್ಲೂ ಇಂಥ ಕಾವಲಿಲ್ಲ. ಆದ್ದರಿಂದ ಇಂದು ಜಂಟಿ ಪಾರ್ಟಿಷನ್ ಮಾಡಹೊರಟವರು ಎಕ್ಸ್‌ಫ್ಯಾಟೋ ಎನ್‌ಟಿಎಫ್‌ಎಸ್ಸೋ ಎಂದು ಚರ್ಚಿಸುವ ಮುನ್ನ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಲಿ, ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಲಿ.