ಹೊಸ್ತಿಲಿನಿಂದ ಗೂಡಿಗೆ

ನಾಯಿಯ ಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾದೀತೇ ಎಂದು ಕೇಳುವ ನಾಡು ನಮ್ಮದು. ಬಾಲದ ಮಾತು ಹಾಗಿರಲಿ. ಅದೇ ನಾಯಿಗೆ ಮನೆಯಲ್ಲಿ ಯಾವ ಜಾಗ ತನ್ನದು, ಯಾವುದು ತನ್ನದಲ್ಲ ಎಂಬ ಮರ್ಯಾದೆಯನ್ನು ಕಲಿಸಿದವರೂ ನಾವೇ. ಆ ಕಲಿಕೆಗೂ ಒಂದು ಇತಿಹಾಸವುಂಟು. ಅರಸರ ಕದನಗಳನ್ನು ಬರೆದವರಿಗೆ ಇದು ಬರೆಯುವಷ್ಟು ದೊಡ್ಡ ಸಂಗತಿಯೆಂದು ತೋರಿರಲಾರದು. ಆದರೆ ಬೈಲಹೊಂಗಲದ ಹೊಸ ಬಡಾವಣೆಯಲ್ಲಿಯೋ ರಾಮದುರ್ಗದ ತಾರಸಿ ಮನೆಯಲ್ಲಿಯೋ ಮಕ್ಕಳ ಹಟಕ್ಕೆಂದು ತಂದ ಬಿಳಿಯ ಸಣ್ಣ ಮರಿಯೊಂದು, ನೆಲ ಹೊಲಸು ಮಾಡಿತೆಂಬ ಒಂದೇ ಕಾರಣಕ್ಕೆ ಬೀದಿಯ ಪಾಲಾಗುವುದುಂಟು. ಅದನ್ನು ಕಂಡಾಗ ಈ ಇತಿಹಾಸವನ್ನು ಯಾರಾದರೂ ಹೇಳಬೇಕೆಂದು ನನಗೆ ಅನಿಸುತ್ತದೆ.

ನಮ್ಮ ಕಡೆಯ ಹಳೆಯ ಮನೆಯನ್ನು ಓದುಗರು ಒಮ್ಮೆ ನೆನೆಯಬೇಕು. ಮುಂದೆ ಕಟ್ಟೆ, ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ ಮತ್ತು ಗ್ವಾದಲಿ, ತುಸು ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆಮನೆ ಮತ್ತು ದೇವರ ಜಗಲಿ, ಹಿಂದೆ ಹಿತ್ತಲ. ನಾಯಿಯ ಸ್ಥಾನ ಕಟ್ಟೆಯ ಮೇಲೆ, ಹೆಚ್ಚೆಂದರೆ ದನಗಳ ಬಳಿ. ಪಡಸಾಲೆಯ ಮೆಟ್ಟಿಲಿಗೆ ಮರಿ ಕಾಲಿಟ್ಟಿತೋ, ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಬಾಯಲ್ಲಿಯೂ ಒಂದೇ ಮಾತು: “ಹಚಾ!” ಒಬ್ಬರು ಮುದ್ದಿಸಿ ಒಳಗೆ ಕರೆಯುವುದು, ಇನ್ನೊಬ್ಬರು ಗದರಿ ಹೊರಗಟ್ಟುವುದು ಎಂಬ ಎಡವಟ್ಟು ಅಲ್ಲಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮರಿಗೆ ಹೊಸ್ತಿಲೆಂದರೇನೆಂಬುದು ತಿಳಿದುಹೋಗುತ್ತಿತ್ತು. ವಿಸರ್ಜನೆಯ ಪ್ರಶ್ನೆಯಂತೂ ಏಳುತ್ತಲೇ ಇರಲಿಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲ, ಸುತ್ತಲೂ ಎರೆಹೊಲದ ಬಯಲು. ಮನೆಯ ಯಜಮಾನನೇ ಬೆಳಗಿನಲ್ಲಿ ಚರಿಗೆ ಹಿಡಿದು ಬಯಲಕಡೆ ಹೊರಟಾಗ, ನಾಯಿ ಅವನ ಹಿಂದೆಯೇ ಹೋಗಿ ತನ್ನ ಕೆಲಸವನ್ನೂ ಮುಗಿಸಿಕೊಂಡು ಬರುತ್ತಿತ್ತು. ಗುರುವೂ ಶಿಷ್ಯನೂ ಒಂದೇ ಶಾಲೆಯವರು!

ಹಾಗೆಂದು ನಮ್ಮ ಹಿಂದಿನವರು ನಾಯಿಯನ್ನು ಕಡೆಗಣಿಸಿದ್ದರೆಂದು ತಿಳಿಯಬಾರದು. ಇಂದಿನ ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿಯಾಗಿತ್ತು. ಕೂಂಡಿ 3000 ನಾಡನ್ನಾಳಿದ ರಟ್ಟರ ರಾಜಧಾನಿಯಾಗಿತ್ತು. ಈ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆಂದೇ ಒಂದು ಪ್ರಕರಣವಿದೆ. ಬೇರೆ ಬೇರೆ ದೇಶಗಳ ನಾಯಿಗಳ ಲಕ್ಷಣವೇನು, ಬೇಟೆಯಲ್ಲಿ ಅವುಗಳ ವಿನೋದವೇನು ಎಂಬುದನ್ನು ಆ ಅರಸನು ಆಸ್ಥೆಯಿಂದ ಹೇಳಿದ್ದಾನೆ. ಅದಕ್ಕೂ ಹಿಂದೆ, 949-50ರಲ್ಲಿ, ತಕ್ಕೋಲದ ಯುದ್ಧ ಗೆದ್ದುಕೊಟ್ಟ ಗಂಗರ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣನು ಈ ಸೀಮೆಗೆ ನೆರೆಯದಾದ ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಇತ್ತನಷ್ಟೆ. ಬೂತುಗನು ತನ್ನ ವೀರ ಮಣಲೆರನಿಗೆ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು! ಆ ಕಾಳಿ ಹೆಬ್ಬಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವನ್ನೂ ಶಾಸನದಲ್ಲಿ ವಿಧಿಸಿದರು. ಇಂದಿಗೂ ಮೈಲಾರಲಿಂಗನ ಗೊರವರು ಕಂಬಳಿ ತೊಟ್ಟು, ದೋಣಿ ಹಿಡಿದು, ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುತ್ತಾರೆ. ದೇವರ ಬಳಿ ನಾಯಿಗೆ ಸ್ಥಾನವುಂಟು. ಅಡಿಗೆಮನೆಯಲ್ಲಿ ಮಾತ್ರ ಇಲ್ಲ. ಗೌರವ ಒಂದು, ಜಾಗ ಇನ್ನೊಂದು ಎಂಬುದೇ ಈ ಪದ್ಧತಿಯ ತಿರುಳು.

ಕಿತ್ತೂರಿನ ಕೋಟೆಯಲ್ಲಿ ಅರಮನೆಯ ಅವಶೇಷಗಳನ್ನು ನೋಡುವಾಗಲೂ ನನಗೆ ಇದೇ ವಿಚಾರ ಬರುತ್ತದೆ. ಸ್ನಾನದ ಮನೆಗಳು, ಅಡಿಗೆಯ ಜಾಗ, ಧ್ರುವನಕ್ಷತ್ರವನ್ನು ನೋಡುವ ಕಿಂಡಿ: ಒಂದೊಂದು ಕಾರ್ಯಕ್ಕೆ ಒಂದೊಂದು ಠಾವು. ಮನೆಯೆಂದರೆ ಠಾವುಗಳ ಕಟ್ಟು. ಮನುಷ್ಯನ ಮಗು ಅದನ್ನು ಕಲಿಯಲು ಎರಡು ಮೂರು ವರ್ಷ ಬೇಕು. ನಾಯಿಮರಿ ಕೆಲವೇ ತಿಂಗಳಲ್ಲಿ ಕಲಿಯಲಿ ಎಂಬುದು ನಮ್ಮ ಅಪೇಕ್ಷೆ.

ಈ ಹಳೆಯ ಕಟ್ಟಿಗೆ ಹೊರಗಿನಿಂದ ಒಂದು ಗೆರೆ ಬಂದು ಸೇರಿತು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿದ್ದು ಸಂಸ್ಥಾನ ಕಂಪನಿಯ ಕೈಸೇರಿತು. ಹೀಗೆ ಕಿತ್ತೂರು ಸೇರಿದ ಮುಂಬಯಿ ಇಲಾಖೆಯ ರಾಜಧಾನಿಯಲ್ಲಿ, 1832ರ ಜೂನಿನಲ್ಲಿ, ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಅಪ್ಪಣೆಯ ವಿರುದ್ಧ ಪಾರಸಿಗಳು ದಂಗೆಯೆದ್ದರು. ಒಡೆಯನುಳ್ಳ ನಾಯಿ ಬೇರೆ, ಒಡೆಯನಿಲ್ಲದ ನಾಯಿ ಬೇರೆ ಎಂಬ ಭೇದ ಅಂದಿನಿಂದ ಬಲವಾಗುತ್ತ ಬಂದಿತು. ನಮ್ಮ ಹಳ್ಳಿಯ ನಾಯಿ ಓಣಿಗೆಲ್ಲ ಸೇರಿದ್ದು. ಹತ್ತು ಮನೆಯ ರೊಟ್ಟಿ ತಿಂದು ಹತ್ತು ಮನೆಯನ್ನೂ ಕಾಯುವಂಥದು. ಹೊಸ ಲೆಕ್ಕದಲ್ಲಿ ಅದು ಯಾರದೂ ಅಲ್ಲದ್ದಾಯಿತು. ನಾಯಿ ಬದುಕಬೇಕಾದರೆ ಒಬ್ಬರ ಮನೆಯದಾಗಬೇಕು, ಹೊಸ್ತಿಲ ಒಳಗೆ ಬರಬೇಕು ಎಂದಾಯಿತು.

ಹಾಗೆ ಒಳಗೆ ಬಂದದ್ದು ಸಣ್ಣ ನಾಯಿ. ರಾಮದುರ್ಗಕ್ಕೆ ನೆರೆಯ ಮುಧೋಳದ ಬೇಟೆನಾಯಿ ಲೋಕಪ್ರಸಿದ್ಧ. ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಅದರ ಒಂದು ಜೋಡಿಯನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆಚೀಟಿಯ ಮೇಲೂ ಅದರ ಚಿತ್ರ ಬಂದಿತು. ಆದರೆ ಅದು ಓಡುವ ಪ್ರಾಣಿ, ಅದಕ್ಕೆ ಬಯಲು ಬೇಕು. ಎರಡು ಕೋಣೆಯ ಮನೆಗೆ ಒಗ್ಗಿದ್ದು ‘ಪಾಮೇರಿಯನ್’. 1888ರಲ್ಲಿ ವಿಕ್ಟೋರಿಯಾ ರಾಣಿ ಫ್ಲಾರೆನ್ಸಿನಿಂದ ಮಾರ್ಕೋ ಎಂಬ ಸಣ್ಣ ಪಾಮೇರಿಯನ್ನನ್ನು ತಂದ ಮೇಲೆ ಆ ತಳಿಯ ಪುಟ್ಟ ಗಾತ್ರಕ್ಕೆ ಬೆಲೆ ಬಂದಿತು. ನಮ್ಮ ಊರುಗಳಲ್ಲಿ ಆ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ಅದರ ಬಂಧುವಾದ ಇಂಡಿಯನ್ ಸ್ಪಿಟ್ಜನ್ನು. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿಯನ್ನು ಕಂಡವರಿಗೆ ಅದರ ಪರಿಚಯ ಬೇರೆ ಹೇಳಬೇಕಿಲ್ಲ. ಮರಿ ಒಳಗೆ ಬರುವ ಹೊತ್ತಿಗೆ ಮನೆಯೂ ಬದಲಾಗಿತ್ತು. ಹಿತ್ತಲ ಹೋಯಿತು, ಕಟ್ಟೆ ಹೋಯಿತು, ಮಣ್ಣಿನ ನೆಲ ಹೋಗಿ ಹೊಳೆಯುವ ಟೈಲ್ಸ್ ಬಂದಿತು. ಕಲಿಸುವ ಜಾಗಗಳೆಲ್ಲ ಮಾಯವಾದ ಮೇಲೆ, ಕಲಿಯಲಿಲ್ಲವೆಂದು ಮರಿಯನ್ನು ದೂರುತ್ತ ಕುಳಿತೆವು.

ಮರಿಯ ಸ್ವಭಾವವೇನೆಂಬುದನ್ನು ಅಮೆರಿಕದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿ, 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಹುಟ್ಟಿದ ಹೊಸತರಲ್ಲಿ ತಾಯಿ ನೆಕ್ಕಿದಾಗಲೇ ಮರಿ ವಿಸರ್ಜಿಸುತ್ತದೆ. ಗೂಡನ್ನು ಚೊಕ್ಕಟವಾಗಿಡುವವಳೂ ತಾಯಿಯೇ. ಸುಮಾರು 3 ವಾರಕ್ಕೆ ಮರಿ ತಾನಾಗಿ ಮಲಗುವ ಜಾಗ ಬಿಟ್ಟು ಆಚೆ ತೆವಳುತ್ತದೆ. 8-9 ವಾರದ ಹೊತ್ತಿಗೆ ವಿಸರ್ಜನೆಗೆ ನಿಶ್ಚಿತ ಜಾಗ ಹುಡುಕಿಕೊಳ್ಳುತ್ತದೆ. ಅಂದರೆ ಮಲಗುವಲ್ಲಿ ಹೊಲಸು ಮಾಡಬಾರದೆಂಬ ಪಾಠದ ಮೊದಲ ಪುಟವನ್ನು ತಾಯಿಯೇ ಓದಿಸಿ ಕಳಿಸಿರುತ್ತಾಳೆ. ಉಳಿದದ್ದು ನಮ್ಮ ಪಾಲಿನದು.

ಅಂಗಡಿಯವರು ‘ಕ್ರೇಟ್’ ಎಂದು ಮಾರುವ ತಂತಿಯ ಪೆಟ್ಟಿಗೆ ಈ ಸ್ವಭಾವವನ್ನೇ ನೆಚ್ಚಿದೆ. ಮೊದಲು ಇಂಥ ಪೆಟ್ಟಿಗೆ ಇದ್ದದ್ದು ಪ್ರಯಾಣಕ್ಕಾಗಿ. ರೈಲಿನಲ್ಲಿ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆಯನ್ನು ಹಿರಿಯರು ನೋಡಿರಬಹುದು. ಅದು ಮನೆಯೊಳಗಿನ ಕಲಿಕೆಯ ಸಾಧನವಾಗಿ ಅಮೆರಿಕದಲ್ಲಿ ರೂಢಿಯಾದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ. ನಮಗೂ ಇದು ತೀರ ಹೊಸತಲ್ಲ. ಕೋಳಿಯನ್ನೂ ಆಡಿನ ಮರಿಯನ್ನೂ ಬೋರಲು ಬುಟ್ಟಿಯ ಕೆಳಗಿಟ್ಟು ಕಾಪಾಡಿದ ಜನ ನಾವು.

ಪದ್ಧತಿ ಸರಳವಾದದ್ದು. ಪೆಟ್ಟಿಗೆ ಮರಿ ನಿಲ್ಲಲು, ತಿರುಗಲು, ಚಾಚಿ ಮಲಗಲು ಸಾಲುವಷ್ಟಿರಬೇಕು. ತೀರ ದೊಡ್ಡದಾದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಹೊಲಸಿಗೆ ಎಂದು ಮರಿ ಪಾಲು ಮಾಡಿಕೊಳ್ಳುತ್ತದೆ. ಮೊದಲ ಕೆಲವು ದಿನ ಬಾಗಿಲು ತೆರೆದೇ ಇಟ್ಟು, ಊಟವನ್ನು ಅಲ್ಲಿಯೇ ಇಟ್ಟು, ತಾನಾಗಿ ಒಳಹೋಗುವಂತೆ ಮಾಡಬೇಕು. ನಿದ್ದೆ ತಿಳಿದೊಡನೆ, ಉಂಡೊಡನೆ, ಆಡಿದೊಡನೆ ಒಂದೇ ಜಾಗಕ್ಕೆ ಒಯ್ದು, ಕೆಲಸವಾದ ಕೂಡಲೆ ಅಲ್ಲಿಯೇ ಶಹಬಾಸ್ ಎನ್ನಬೇಕು. ಸಣ್ಣ ತಳಿಯ ಮೂತ್ರಕೋಶವೂ ಸಣ್ಣದು; ಎರಡು ತಿಂಗಳ ಮರಿಗೆ ಹಗಲಲ್ಲಿ ಒಂದೆರಡು ತಾಸಿಗೊಮ್ಮೆ ಹೊರಗೆ ಬಿಡುಗಡೆ ಬೇಕೇ ಬೇಕು. ತಪ್ಪಿದಾಗ ಮೂತಿಯನ್ನು ನೆಲಕ್ಕೆ ತಿಕ್ಕುವ ಹಳೆಯ ಶಿಕ್ಷೆಯಿಂದ ಮರಿ ಕಲಿಯುವುದು ಒಂದೇ ಪಾಠ, ಯಜಮಾನನ ಕಣ್ಣು ತಪ್ಪಿಸಿ ಸೋಫಾದ ಹಿಂದೆ ಹೋಗುವುದು. ವಾಸನೆ ಉಳಿಯದಂತೆ ನೆಲ ತೊಳೆದರೆ ಅರ್ಧ ಕೆಲಸ ಆದಂತೆ. ಇನ್ನು ಸವದತ್ತಿ ರಾಮದುರ್ಗಗಳ ವೈಶಾಖದ ಬಿಸಿಲಿನಲ್ಲಿ, ಗಾಳಿಯಿಲ್ಲದ ಕೋಣೆಯಲ್ಲಿ ತಂತಿಯ ಪೆಟ್ಟಿಗೆಯನ್ನು ಮುಚ್ಚಿಟ್ಟು ಹೋಗುವುದು ಪ್ರಾಣಕ್ಕೇ ಅಪಾಯ.

ಈ ಪೆಟ್ಟಿಗೆಯ ಬಗೆಗೆ ಲೋಕದಲ್ಲಿ ಒಮ್ಮತವಿಲ್ಲ. ಅಮೆರಿಕದಲ್ಲಿ ಮನೆಮನೆಗೂ ಬಂದ ಈ ವಸ್ತುವಿನಲ್ಲಿ ನಾಯಿಯನ್ನು ಮನೆಯಲ್ಲಿ ಕೂಡಿಹಾಕಿ ಸಾಕುವುದಕ್ಕೆ ಸ್ವೀಡನ್ನಿನ ನಿಯಮಗಳು ಅವಕಾಶ ಕೊಡುವುದಿಲ್ಲ. ಪ್ರಯಾಣ, ಪ್ರದರ್ಶನಗಳಂಥ ಸಂದರ್ಭಗಳಿಗಷ್ಟೇ ಒಪ್ಪಿಗೆ. ಎರಡು ದೇಶಗಳ ಈ ಭೇದಕ್ಕೆ ಕನ್ನಡದಲ್ಲಿ ಎರಡು ಒಳ್ಳೆಯ ಶಬ್ದಗಳಿವೆ: ಗೂಡು ಮತ್ತು ಬೋನು. ಹಕ್ಕಿ ತಾನಾಗಿ ಮರಳಿ ಬರುವುದು ಗೂಡಿಗೆ. ಇಲಿ ಒಮ್ಮೆ ಹೊಕ್ಕರೆ ಹೊರಬರಲಾಗದ್ದು ಬೋನು. ವಸ್ತು ಒಂದೇ ಇರಬಹುದು. ಅದಕ್ಕೆ ಹೆಸರು ಕೊಡುವುದು ನಾವು ಅದರ ಬಾಗಿಲನ್ನು ಎಷ್ಟು ಹೊತ್ತು ಮುಚ್ಚಿಡುತ್ತೇವೆ ಎಂಬುದು. ದಿನವೆಲ್ಲ ನೌಕರಿಗೆ ಹೋಗುವವರು ಬೆಳಿಗ್ಗೆ ಚಿಲಕ ಹಾಕಿ ಸಂಜೆ ತೆಗೆದರೆ, ಅದನ್ನು ಕಲಿಕೆಯೆನ್ನಲು ನನ್ನ ಮನಸ್ಸು ಒಪ್ಪದು.

ಹಳೆಯ ಮನೆಯಲ್ಲಿ ಹೊಸ್ತಿಲು ಕಲಿಸುತ್ತಿತ್ತು ಎಂದೆನಷ್ಟೆ. ಹೊಸ್ತಿಲು ಕಲ್ಲು ಕಟ್ಟಿಗೆಯದು, ಅದೇನು ಕಲಿಸೀತು? ಅದರ ಎರಡೂ ಕಡೆ ದಿನವೆಲ್ಲ ಯಾರಾದರೊಬ್ಬರು ಇರುತ್ತಿದ್ದರು, ಅವರೆಲ್ಲರ ಮಾತೂ ಒಂದಾಗಿರುತ್ತಿತ್ತು. ಇಂದು ಪೆಟ್ಟಿಗೆ ಪೇಟೆಯಲ್ಲಿ ಸಿಗುತ್ತದೆ; ಆ ಮನುಷ್ಯರೂ ಆ ವೇಳೆಯೂ ಅದರ ಜೊತೆಗೆ ಸಿಗುವುದಿಲ್ಲ. ಅವೆರಡೂ ತಮ್ಮ ಮನೆಯಲ್ಲಿ ಇವೆಯೇ ಎಂದು ಎಣಿಸಿ ನೋಡಿದ ಮೇಲೆ ಮರಿಯನ್ನು ತರುವುದು ಲೇಸು.